ಸವೆಯುತ್ತಲೇ ಇರುವ ಇಂಗ್ಲಿಷಿನ ‘ಇಲ್ಲ’

ಅಮೆರಿಕದವರ ಜೊತೆ ಫೋನಿನಲ್ಲಿ ಮಾತಾಡಿದವರಿಗೆ ಈ ಫಜೀತಿ ಗೊತ್ತಿರುತ್ತದೆ. ಆ ಕಡೆಯವರು ‘ಐ ಕ್ಯಾನ್ ಕಮ್’ ಅಂದರೋ, ‘ಐ ಕ್ಯಾಂಟ್ ಕಮ್’ ಅಂದರೋ? ಕೊನೆಯ ‘ಟ್’ ಎಷ್ಟೋ ಸಲ ಗಂಟಲಲ್ಲೇ ಉಳಿದುಬಿಡುತ್ತದೆ. ಅವರವರಲ್ಲಿ ವ್ಯತ್ಯಾಸ ಹಿಡಿಯುವುದು ಹೆಚ್ಚಾಗಿ ಸ್ವರದಿಂದ. ಬರುತ್ತೇನೆ ಅನ್ನುವಾಗ ಅದು ‘ಐ ಕನ್ ಕಮ್’ ಎಂದು ಮೊಟಕಾಗುತ್ತದೆ. ಬರೋಕಾಗಲ್ಲ ಅನ್ನುವಾಗ ‘ಕ್ಯಾನ್’ ಎಂದು ತುಂಬಿಕೊಂಡು ಬರುತ್ತದೆ. ನಾವೋ, ಎರಡು ಕಡೆಯೂ ‘ಕ್ಯಾನ್’ ಅನ್ನು ಪೂರ್ತಿಯಾಗಿ ಹೇಳುವವರು. ಹಾಗಾಗಿ ನಾವು ಬರ್ತೀವಿ ಅಂದದ್ದು ಅವರ ಕಿವಿಗೆ ಬರಲ್ಲ ಅಂತ ಬಿದ್ದರೆ ಆಶ್ಚರ್ಯವಿಲ್ಲ.

ಇಡೀ ವಾಕ್ಯವನ್ನು ತಿರುಗಿಸುವ ಕೆಲಸವನ್ನು ಇಂಥ ಬಡಪಾಯಿ ಸದ್ದಿಗೆ ವಹಿಸಿದ್ದಾರಲ್ಲ ಅನಿಸುತ್ತದೆ, ಅಲ್ವಾ? ಇಂಗ್ಲಿಷಿಗೆ ಇದು ಹೊಸ ತಾಪತ್ರಯವಲ್ಲ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಹೊಣೆ ‘ನೆ’ ಎಂಬ ಪುಟ್ಟ ಪದದ್ದು. ಅದು ಕ್ರಿಯಾಪದಕ್ಕಿಂತ ಮೊದಲು ಕೂರುತ್ತಿತ್ತು. ‘ಇಚ್ ನೆ ಸೆಜ್ಜೆ’ ಅಂದರೆ ‘ನಾನು ಹೇಳುವುದಿಲ್ಲ’. ಪುಟ್ಟ ಪದ, ಒತ್ತಿಲ್ಲದ ಪದ. ಕೇಳಿಸಿದರೆ ಕೇಳಿಸಿತು. ಅದಕ್ಕೆ ಬಲ ಕೊಡಲು ಜನ ಇನ್ನೊಂದು ಪದ ಜೋಡಿಸತೊಡಗಿದರು. ನಾವು ‘ಗೊತ್ತಿಲ್ಲ’ ಸಾಲದಾದಾಗ ‘ಒಂಚೂರೂ ಗೊತ್ತಿಲ್ಲ’ ಅನ್ನುವುದಿಲ್ಲವೇ, ಹಾಗೆ. ಅವರ ‘ಒಂಚೂರೂ’ ಯಾವುದೆಂದರೆ ‘ನಾವಿಹ್ಟ್’, ಅಂದರೆ ‘ಏನೊಂದೂ ಇಲ್ಲ’. ಅದು ಬಾಯಿಂದ ಬಾಯಿಗೆ ಸವೆದು ‘ನಾಟ್’ ಆಯಿತು.

ಕೆಲವು ಕಾಲ ಇಬ್ಬರೂ ಜೊತೆಗಿದ್ದರು. ‘ನೆ’ ಕ್ರಿಯಾಪದಕ್ಕಿಂತ ಮೊದಲು, ‘ನಾಟ್’ ಅದರ ನಂತರ. ಆಮೇಲೆ ‘ನೆ’ ಬಿದ್ದುಹೋಯಿತು. ಊರುಗೋಲಾಗಿ ಬಂದದ್ದೇ ಯಜಮಾನನಾಯಿತು. ಷೇಕ್ಸ್‌ಪಿಯರ್ ಕಾಲದವರು ‘ಐ ನೋ ನಾಟ್’ ಅನ್ನುತ್ತಿದ್ದರು. ಮಧ್ಯೆ ‘ಡು’ ನುಗ್ಗಿ ಅದು ‘ಐ ಡು ನಾಟ್ ನೋ’ ಆಯಿತು. 17ನೇ ಶತಮಾನದ ಹೊತ್ತಿಗೆ ‘ನಾಟ್’ ಕೂಡ ಸವೆದು ‘ಡೋಂಟ್’ನ ಬಾಲದಲ್ಲಿ ನೇತಾಡತೊಡಗಿತ್ತು.

ಸವೆಯುವುದು, ಊರುಗೋಲು ಹುಡುಕುವುದು, ಮತ್ತೆ ಸವೆಯುವುದು. ಈ ಸುತ್ತಾಟವನ್ನು 1917ರಲ್ಲಿ ವಿವರವಾಗಿ ಬರೆದವರು ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಒಟ್ಟೊ ಯೆಸ್ಪರ್ಸನ್. ಹಾಗಾಗಿ ಇದಕ್ಕೆ ‘ಯೆಸ್ಪರ್ಸನ್ ಚಕ್ರ’ ಎಂದೇ ಹೆಸರು. ಫ್ರೆಂಚಿನಲ್ಲಂತೂ ಇದು ಇನ್ನೂ ಚೆಂದ. ಅಲ್ಲಿ ‘ನೆ’ಗೆ ಊರುಗೋಲಾಗಿ ಬಂದ ‘ಪಾ’ ಪದದ ಅರ್ಥ ‘ಹೆಜ್ಜೆ’. ‘ಒಂದು ಹೆಜ್ಜೆಯೂ ಇಡಲ್ಲ’ ಅನ್ನುವಂಥ ಮಾತಿನಿಂದ ಬಂದದ್ದು. ಈಗ ಫ್ರೆಂಚರು ಮಾತಾಡುವಾಗ ‘ನೆ’ ನುಂಗಿ ಬರೀ ‘ಪಾ’ ಅನ್ನುತ್ತಾರೆ. ‘ಹೆಜ್ಜೆ’ಯೇ ‘ಇಲ್ಲ’ ಆಗಿಬಿಟ್ಟಿದೆ!

ಇಷ್ಟು ತಿಳಿದ ಮೇಲೆ ‘ನನಗೇನೂ ಗೊತ್ತಿಲ್ಲ’ ಅನ್ನಲು ಎರಡು ‘ಇಲ್ಲ’ ಬಳಸಿ ಶಾಲೆಯಲ್ಲಿ ಕೆಂಪು ಗೆರೆ ತಿನ್ನುವ ‘ಐ ಡೋಂಟ್ ನೋ ನಥಿಂಗ್’ ಅಷ್ಟೇನೂ ಪಾಪದ ಮಾತು ಅನಿಸುವುದಿಲ್ಲ. 14ನೇ ಶತಮಾನದ ಕವಿ ಚಾಸರ್ ತನ್ನ ಕಥೆಯ ವೀರಯೋಧ ಎಂದೂ ಯಾರಿಗೂ ಕೆಟ್ಟ ಮಾತು ಆಡಿದವನಲ್ಲ ಎಂದು ಹೇಳಲು ಎರಡೇ ಸಾಲಿನಲ್ಲಿ ನಾಲ್ಕು ‘ಇಲ್ಲ’ಗಳನ್ನು ಬಳಸಿದ್ದಾನೆ. 1763ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ತನ್ನ ವ್ಯಾಕರಣದ ಎರಡನೇ ಆವೃತ್ತಿಯಲ್ಲಿ ಎರಡು ‘ಇಲ್ಲ’ ಸೇರಿದರೆ ‘ಹೌದು’ ಎಂದು ಬರೆದ. ಆ ಲೆಕ್ಕದಲ್ಲಿ ಚಾಸರನ ಯೋಧ ಬೈಗುಳದ ಸರದಾರ! ಆದರೆ ಲೌತ್‌ನೊಬ್ಬನನ್ನೇ ದೂರುವುದು ಸರಿಯಲ್ಲ. ಓದಿದವರ ಬರಹದಲ್ಲಿ ಈ ಜೋಡಿ ‘ಇಲ್ಲ’ ಅವನಿಗಿಂತ ಮೊದಲೇ ಕಡಿಮೆಯಾಗುತ್ತಿತ್ತು.

ಲೌತ್‌ಗೆ ಕನ್ನಡ ಗೊತ್ತಿದ್ದಿದ್ದರೆ ಖುಷಿಪಡುತ್ತಿದ್ದ. ‘ಅವನಿಗೆ ಗೊತ್ತಿಲ್ಲದೇ ಇಲ್ಲ’ ಅಂದರೆ ಗೊತ್ತಿದೆ ಎಂದೇ ಅರ್ಥ. ಆದರೆ ಸ್ಪ್ಯಾನಿಷ್, ರಷ್ಯನ್ ಭಾಷೆಗಳಲ್ಲಿ ‘ಇಲ್ಲ’ದ ಮೇಲೆ ‘ಇಲ್ಲ’ ಪೇರಿಸುವುದೇ ಸರಿಯಾದ ವ್ಯಾಕರಣ. ಲಂಡನ್ನಿನ ಕಾಕ್ನಿ ಎಂಬ ಆಡುಮಾತಿನಲ್ಲಿ, ಅಮೆರಿಕದ ಕಪ್ಪು ಜನರ ಇಂಗ್ಲಿಷಿನಲ್ಲಿ ಇವತ್ತಿಗೂ ಹೀಗೇ ಮಾತಾಡುತ್ತಾರೆ. ಅದನ್ನು ಕೇಳಿ ‘ಓಹೋ, ಇವನಿಗೆ ಎಲ್ಲ ಗೊತ್ತಂತೆ’ ಎಂದುಕೊಳ್ಳುವವರು ಯಾರೂ ಇಲ್ಲ.

ಒಪ್ಪಿತ ಇಂಗ್ಲಿಷಿನಲ್ಲೂ ವಿಚಿತ್ರಗಳಿಗೆ ಬರವಿಲ್ಲ. ‘ಈಸ್ ನಾಟ್’ಗೆ ‘ಈಸಂಟ್’ ಇದೆ. ‘ಆಮ್ ನಾಟ್’ಗೆ? ಸ್ಕಾಟ್ಲೆಂಡ್, ಐರ್ಲೆಂಡಿನಲ್ಲಿ ‘ಆಮಂಟ್’ ಇದೆ. ಉಳಿದವರು ಪ್ರಶ್ನೆ ಕೇಳುವಾಗ ‘ಆರಂಟ್ ಐ’ ಅನ್ನುತ್ತಾರೆ. ‘ಐ ಆರ್’ ಅಂದರೆ ಮಾತ್ರ ತಪ್ಪು! ಆ ಖಾಲಿ ಜಾಗದಲ್ಲಿ ಸಲೀಸಾಗಿ ಕೂರಬಹುದಾಗಿದ್ದ ‘ಏಂಟ್’ ಅನ್ನು ಒರಟು ಎಂದು ಹೊರಗೆ ನಿಲ್ಲಿಸಿದ್ದಾರೆ.

ಈಗ ‘ಟ್’ ಕೂಡ ಗಂಟಲಲ್ಲಿ ಉಳಿಯತೊಡಗಿದರೆ ಮುಂದಿನ ಊರುಗೋಲು ಯಾವುದು? ಬ್ರಿಟನ್ನಿನ ಆಡುಮಾತಿನಲ್ಲಿ ಒಂದು ಬಳಕೆ ಇದೆ. ಟೀ ಕಪ್ ಒಡೆದ ಮಗುವನ್ನು ಕೇಳಿದರೆ ‘ಐ ನೆವರ್ ಡಿಡ್ ಇಟ್’ ಅನ್ನುತ್ತದೆ. ‘ಎಂದೂ ಮಾಡಿಲ್ಲ’ ಅಂತಲ್ಲ, ಈಗಷ್ಟೇ ಆದದ್ದನ್ನು ‘ನಾನು ಮಾಡಲಿಲ್ಲ’ ಅಂತ. ‘ನೆವರ್’ ಅನ್ನು ಬಿಡಿಸಿ ನೋಡಿ. ಅದು ‘ನೆ’ ಮತ್ತು ‘ಎವರ್’ ಸೇರಿ ಆದ ಪದ. ಬಿದ್ದುಹೋಯಿತು ಅಂದುಕೊಂಡಿದ್ದ ಆ ಹಳೆಯ ‘ನೆ’ ಅಲ್ಲಿ ಇನ್ನೂ ಕೂತಿದೆ.