ಸಿಂಪ್ಸನ್ಸ್ ಕುಟುಂಬದ ಟೋಕಿಯೊ, ಸಿಂಪ್ಸನ್ಸ್ ಕುಟುಂಬದ ಬೆಂಗಳೂರು

ಕಾರ್ಟೂನ್ ಧಾರಾವಾಹಿಯ ಕುಟುಂಬವನ್ನು ವಿಮಾನ ಹತ್ತಿಸುವುದು ಸುಲಭ. ಇಳಿದ ಮೇಲೆ ಅವರ ಕಣ್ಣಿಗೆ ಏನು ಬೀಳಬೇಕು ಎಂಬುದೇ ಕಷ್ಟದ ಕೆಲಸ. ಕಂತಿನ ಅವಧಿ ಇಪ್ಪತ್ತೆರಡು ನಿಮಿಷ, ಅದರಲ್ಲಿ ಮನೆ ಬಿಡುವುದಕ್ಕೇ ಐದಾರು ನಿಮಿಷ ಹೋಗಿರುತ್ತದೆ. ಉಳಿದದ್ದರಲ್ಲಿ ಒಂದು ದೇಶವನ್ನು ಕಟ್ಟಬೇಕೆಂದರೆ ಪ್ರೇಕ್ಷಕರಿಗೆ ಮೊದಲೇ ಗೊತ್ತಿರುವ ಸಿನಿಮಾ, ಟಿವಿ, ಸುದ್ದಿಗಳ ಉಲ್ಲೇಖಗಳನ್ನು ನೆಚ್ಚಿಕೊಳ್ಳದೆ ವಿಧಿಯಿಲ್ಲ.

1999ರ ಮೇ 16ರಂದು ಪ್ರಸಾರವಾದ ಅಮೆರಿಕದ ಕಾರ್ಟೂನ್ ಧಾರಾವಾಹಿ ‘ದಿ ಸಿಂಪ್ಸನ್ಸ್’ನ ಟೋಕಿಯೊ ಕಂತು ಇದಕ್ಕೆ ಒಳ್ಳೆಯ ಪಾಠ. ಅದರಲ್ಲಿ ನನಗೆ ಅತ್ಯುತ್ತಮ ಅನಿಸುವ ಉಲ್ಲೇಖ ಎರಡೇ ಮಾತಿನದು. ಜಪಾನ್ ಎಂದರೆ ಮುಖ ಸಿಂಡರಿಸುವ ಅಪ್ಪ ಹೋಮರ್‌ಗೆ ಹೆಂಡತಿ ಮಾರ್ಜ್ ‘ರಶೋಮನ್’ ಸಿನಿಮಾ ನೆನಪಿಸಿ, ನಿನಗೆ ಅದು ಇಷ್ಟವಾಗಿತ್ತಲ್ಲ ಎನ್ನುತ್ತಾಳೆ. ನನಗೆ ನೆನಪಿರುವುದು ಹಾಗಲ್ಲ ಎನ್ನುತ್ತಾನೆ ಅವನು. ಜಪಾನಿನ ನಿರ್ದೇಶಕ ಕುರೊಸಾವಾರ 1950ರ ಆ ಸಿನಿಮಾದಲ್ಲಿ ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ‘ಉಳಿದವರು ಕಂಡಂತೆ’ ನೋಡಿದ ಕನ್ನಡಿಗರಿಗೆ ಆ ಕಟ್ಟು ಹೊಸದಲ್ಲ. ಅಂದರೆ ಹೋಮರ್‌ನ ಉತ್ತರದೊಳಗೇ ಆ ಸಿನಿಮಾದ ಇಡೀ ತಂತ್ರ ಅಡಗಿದೆ. ಸಿನಿಮಾ ನೋಡದವರಿಗೂ ಗಂಡ ಹೆಂಡತಿಯ ಮಾತಿಗೆ ಅಡ್ಡ ಹಾಕುವ ತಮಾಷೆ ದಕ್ಕುತ್ತದೆ, ಯಾರೂ ಹೊರಗುಳಿಯುವುದಿಲ್ಲ. ಉಲ್ಲೇಖ ಬರೆಯುವವರು ಮೊದಲು ಮಾಡಬೇಕಾದ ಪರೀಕ್ಷೆ ಇದು: ಮೂಲದ ಹೆಸರು ತೆಗೆದರೂ ಸಂಭಾಷಣೆ ನಿಲ್ಲುತ್ತದೆಯೇ?

ಅದೇ ಕಂತಿನ ಕೊನೆಯಲ್ಲಿ ವಿಮಾನಕ್ಕೆ ಅಡ್ಡ ಬರುವ ಜಪಾನಿ ಸಿನಿಮಾ ದೈತ್ಯರದು ಬೇರೆ ಲೆಕ್ಕ. ಗಾಡ್ಜಿಲ್ಲಾ (1954), ರೋಡಾನ್ (1956), ಮೋಥ್ರಾ (1961) ಮೂವರೂ ತೋಹೊ ಸ್ಟುಡಿಯೊದವರು. ಗಮೇರಾ (1965) ಮಾತ್ರ ಪ್ರತಿಸ್ಪರ್ಧಿ ಸ್ಟುಡಿಯೊ ದಾಯೇಯವನು. ಪೈಲಟ್ ಅವರ ಹೆಸರು ಹೇಳುತ್ತಾನೆ ನಿಜ, ಆದರೂ ಕಣ್ಣಿಗೆ ಹೊರರೇಖೆಯೇ ಪರಿಚಯ ಮಾಡಿಸಬೇಕು. ಬೆನ್ನಿನ ಮೇಲೆ ಸಾಲು ಫಲಕ, ಪತಂಗದ ರೆಕ್ಕೆ, ಕೋರೆಹಲ್ಲಿನ ಆಮೆ. ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರಸರಣಿ) ಹಂತದಲ್ಲೇ ಆಕೃತಿಯನ್ನು ಪೂರ್ತಿ ಕಪ್ಪು ತುಂಬಿ ನೋಡಿದರೆ ಗುರುತು ಸಿಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಬಣ್ಣ ಹಚ್ಚಿ ಬಂದ ಮೇಲೆ ತಿದ್ದುವುದು ದುಬಾರಿ.

ಸುದ್ದಿಯಿಂದ ಎತ್ತಿದ ಉಲ್ಲೇಖಕ್ಕೆ ಕಾಲವೇ ಶತ್ರು. ಬರಹ, ಧ್ವನಿಮುದ್ರಣ, ಸ್ಟೋರಿಬೋರ್ಡ್, ಅನಿಮ್ಯಾಟಿಕ್ (ಕರಡು ಚಿತ್ರಗಳನ್ನು ಧ್ವನಿಗೆ ಜೋಡಿಸಿದ ಕಚ್ಚಾ ವಿಡಿಯೊ), ಆಮೇಲೆ ದಕ್ಷಿಣ ಕೊರಿಯಾದಲ್ಲಿ ಅನಿಮೇಷನ್, ಕೊನೆಗೆ ರೀಟೇಕ್, ಅಂದರೆ ತಪ್ಪಿದ ಭಾಗಗಳನ್ನು ಮತ್ತೆ ಮಾಡುವುದು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ತಿಂಗಳುಗಳೇ ಉರುಳಿರುತ್ತವೆ. ಲಂಡನ್ ಕಂತಿಗೆ ಟೋನಿ ಬ್ಲೇರ್ ಧ್ವನಿ ಕೊಟ್ಟದ್ದು 2003ರ ಏಪ್ರಿಲ್‌ನಲ್ಲಿ, ಕಂತು ಬಂದದ್ದು ನವೆಂಬರ್ 23ಕ್ಕೆ. ಬ್ಲೇರ್ ಅಲ್ಲಿ ಪ್ರವಾಸಿಗರನ್ನು ಸ್ವಾಗತಿಸುವ ಪ್ರಧಾನಿ, ಅಷ್ಟೇ, ಆದ್ದರಿಂದ ಹಳಸಲಿಲ್ಲ. ಟೋಕಿಯೊ ಕಂತಿನಲ್ಲಿ ನೋಡಿದವರನ್ನು ಮೂರ್ಛೆ ಬೀಳಿಸುವ ‘ಮೂರ್ಛೆ ರೋಬೊಟ್’ ಕಾರ್ಟೂನ್‌ಗೆ ಮೂಲ 1997ರ ಡಿಸೆಂಬರ್ 16ರ ಪೋಕೆಮಾನ್ ಕಾರ್ಟೂನ್ ಪ್ರಸಾರದ ಘಟನೆ. ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿ, 685ರಷ್ಟು ಮಂದಿ ಆಸ್ಪತ್ರೆ ಸೇರಿದ್ದರು. ಹೆಚ್ಚಿನವರು ಮಕ್ಕಳು. ಹದಿನೇಳು ತಿಂಗಳ ನಂತರವೂ ಜನರಿಗೆ ನೆನಪಿದ್ದದ್ದರಿಂದ ತಮಾಷೆ ಕೆಲಸ ಮಾಡಿತು. ಆದರೂ ನರಳಿದ ಮಕ್ಕಳ ಮೇಲೆ ನಗೆ ಕಟ್ಟಿದ್ದು ನನಗೆ ಒಪ್ಪಿಗೆಯಿಲ್ಲ. ಅಂಥ ದೃಶ್ಯ ಬರೆಯಲೇಬೇಕಾದರೆ ಮಿನುಗನ್ನು ಸೆಕೆಂಡಿಗೆ ಮೂರರ ಒಳಗೆ ಇಡಿ.

ಇನ್ನು ನಮ್ಮೂರಿನ ವಿಷಯ. 2006ರ ಏಪ್ರಿಲ್ 9ರ ಕಂತಿನಲ್ಲಿ ಹೋಮರ್ ಕೆಲಸ ಮಾಡುವ ಸ್ಥಾವರದ ಮಾಲೀಕ ಬರ್ನ್ಸ್ ತನ್ನ ಅಣುಸ್ಥಾವರವನ್ನು ಬೆಂಗಳೂರಿಗೆ ಹೊರಗುತ್ತಿಗೆ ಕೊಡುತ್ತಾನೆ. ಕೆಲಸ ಕಲಿಸಲು ಬಂದ ಹೋಮರ್ ಇಲ್ಲಿ ದೇವರಾಗಿ ಕೂರುತ್ತಾನೆ, ಕುಟುಂಬ ಅವನನ್ನು ಹುಡುಕಿಕೊಂಡು ನದಿಯಲ್ಲಿ ದೋಣಿಯೇರಿ ಬರುತ್ತದೆ. ಬೆಂಗಳೂರಿನಲ್ಲಿ ಅಂಥ ನದಿ ಎಲ್ಲಿದೆ? ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರು, ಕುಡಿಯುವ ಕಾವೇರಿಯನ್ನೇ ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುತ್ತದೆ. ಕಥೆಗೆ ನದಿ ಬೇಕಾದದ್ದು ನದಿಯಲ್ಲಿ ದೋಣಿಯೇರಿ ಸಾಗುವ ಹಾಲಿವುಡ್ ಸಿನಿಮಾ ‘ಅಪೋಕ್ಯಾಲಿಪ್ಸ್ ನೌ’ (1979) ಅಣಕಕ್ಕೆ. ಆ ಸಿನಿಮಾದ ಬೇರು ಕಾಂಗೋ ನದಿಯ ಮೇಲಿನ ಕಾನ್ರಾಡ್ ಕಾದಂಬರಿಯಲ್ಲಿದೆ, ಕಥೆ ನಡೆಯುವುದು ವಿಯೆಟ್ನಾಂ ಯುದ್ಧದಲ್ಲಿ, ಚಿತ್ರೀಕರಣವಾದದ್ದು ಫಿಲಿಪ್ಪೀನ್ಸ್‌ನಲ್ಲಿ. ಇಷ್ಟು ಊರು ಸುತ್ತಿ ಬಂದ ನದಿಯನ್ನು ಬೆಂಗಳೂರಿಗೆ ಹರಿಸಿದ್ದಾರೆ.

ಟೋಕಿಯೊದಲ್ಲಿ ಬಳಸಿದ ದೈತ್ಯರು ಜಪಾನ್ ತಾನೇ ಹುಟ್ಟಿಸಿದವರು. ಇಲ್ಲಿ ಬಳಸಿದ್ದು ಹಾಲಿವುಡ್ ಪೂರ್ವದ ಬಗ್ಗೆ ತನಗೆ ತಾನೇ ಹೇಳಿಕೊಂಡ ಕಥೆ. ಆ ಕಂತು ಬಂದ ಮೂರನೇ ದಿನ, ಏಪ್ರಿಲ್ 12ರಂದು, ರಾಜ್‌ಕುಮಾರ್ ತೀರಿಕೊಂಡು ಇಡೀ ನಗರ ನಿಂತುಹೋಯಿತು. ಸಿನಿಮಾ ನಟನೊಬ್ಬ ಅಷ್ಟರಮಟ್ಟಿಗೆ ಉಸಿರಾಗಿದ್ದ ಊರಿಗೆ ಬಂದು ಅಲ್ಲಿನ ಕನ್ನಡ ಪರದೆಯ ಒಂದು ತುಣುಕೂ ಸಿಗಲಿಲ್ಲ ಎಂದರೆ, ಹುಡುಕಲಿಲ್ಲ ಎಂದೇ ಅರ್ಥ.

ಹುಡುಕುವ ಕ್ರಮ ಸರಳ. ಕಾಗದವನ್ನು ಎರಡು ಭಾಗ ಮಾಡಿ, ಎಡಕ್ಕೆ ಆ ಊರಿನವರು ತಾವೇ ಮಾಡಿಕೊಂಡದ್ದನ್ನು, ಬಲಕ್ಕೆ ಹೊರಗಿನವರು ಅವರ ಬಗ್ಗೆ ಮಾಡಿದ್ದನ್ನು ಬರೆಯಿರಿ. ಎಡಭಾಗ ಖಾಲಿಯಿದ್ದರೆ ಸಂಭಾಷಣೆಗೆ ಕೈ ಹಾಕುವ ಮೊದಲು ಅಲ್ಲಿನ ಒಬ್ಬರ ಜೊತೆ ಕೂತು ಮಾತಾಡಿ. ಅನಿಮ್ಯಾಟಿಕ್ ಸಿದ್ಧವಾದ ಮೇಲೆ ಅವರಿಗೇ ತೋರಿಸಿ. ಬ್ರೆಜಿಲ್‌ನ ರಿಯೊ ನಗರದ ಕಂತು (2002) ನೋಡಿ ಅಲ್ಲಿನ ಪ್ರವಾಸೋದ್ಯಮ ಮಂಡಳಿ ಮೊಕದ್ದಮೆಯ ಬೆದರಿಕೆ ಹಾಕಿ, ನಿರ್ಮಾಪಕ ಜೇಮ್ಸ್ ಎಲ್. ಬ್ರೂಕ್ಸ್ ಕ್ಷಮೆ ಕೇಳಬೇಕಾಯಿತು. ಆ ಹೊತ್ತಿಗೆ ಕಂತು ಪ್ರಸಾರವಾಗಿ ಮುಗಿದಿತ್ತು.