ಮ್ಯಾಡಿಸನ್ ಹೇಳಿದ್ದೇನು, ಬರೆದದ್ದು ಯಾವಾಗ?

ತಿಂಗಳಿಗೆ ಒಂದಾದರೂ ಇಂಥ ಫೋನ್ ಬರುತ್ತದೆ. ಒಮ್ಮೆ ವಕೀಲರು, ಒಮ್ಮೆ ಪತ್ರಕರ್ತರು, ಹೆಚ್ಚಾಗಿ ಪಿಎಚ್‌ಡಿ ಮಾಡುತ್ತಿರುವ ಹುಡುಗರು. "ಸರ್, 1787ರ ಫಿಲಡೆಲ್ಫಿಯಾ ಸಭೆಯಲ್ಲಿ ಇದರ ಬಗ್ಗೆ ಮ್ಯಾಡಿಸನ್ ಏನೋ ಹೇಳಿದ್ದಾನಲ್ಲ, ಅದೊಂದು ಕೋಟ್ ಕೊಡಿ." ಅಮೆರಿಕದ ಸಂವಿಧಾನವನ್ನು ರೂಪಿಸಿದ್ದು ಆ ಸಭೆ, ಜೇಮ್ಸ್ ಮ್ಯಾಡಿಸನ್ ಅದರ ಸದಸ್ಯ. ಆ ಸಂವಿಧಾನ ಹುಟ್ಟಿದ ಕಾಲದ ರಾಜಕೀಯವನ್ನೇ ಓದುತ್ತಾ, ಪಾಠ ಮಾಡುತ್ತಾ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ಈ ಒಂದು ಮಾತು ಕೇಳಿದರೆ ಈಗಲೂ ಸಿಟ್ಟು ಬರುತ್ತದೆ.

ಕೋಟ್ ಹುಡುಕುವುದು ಕಷ್ಟವೇನಲ್ಲ. ತೊಂದರೆ ಇರುವುದು ಅದರ ಎರಡು ಬದಿಗೆ ಹಾಕುವ ಉದ್ಧರಣ ಚಿಹ್ನೆಗಳಲ್ಲಿ. ಆ ಚಿಹ್ನೆ ಕಂಡ ಕೂಡಲೇ ಓದುವವರು ಮ್ಯಾಡಿಸನ್ ಬಾಯಿಂದ ಇದೇ ಮಾತು ಬಂತು ಎಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳಲು ನಮ್ಮ ಹತ್ತಿರ ಆಧಾರ ಇಲ್ಲ.

ನಮ್ಮವರಿಗೆ ಈ ತಪ್ಪು ಯಾಕೆ ಬೇಗ ಅಂಟಿಕೊಳ್ಳುತ್ತದೆ ಎಂದು ನನಗೆ ಗೊತ್ತು. ನಮ್ಮ ಸಂವಿಧಾನ ಸಭೆ 1946ರ ಡಿಸೆಂಬರ್ 9ರಂದು ಸೇರಿತು. ಅಲ್ಲಿ ಅಧಿಕೃತ ವರದಿಗಾರರಿದ್ದರು. ಸದಸ್ಯರ ಮಾತು ಹನ್ನೆರಡು ಸಂಪುಟಗಳಲ್ಲಿ ಅಚ್ಚಾಗಿದೆ. ಆ ಸಭೆಗೆ ಸಲಹೆಗಾರರಾಗಿದ್ದ ಮಂಗಳೂರಿನ ಬಿ.ಎನ್. ರಾವ್ ಅಮೆರಿಕಕ್ಕೂ ಹೋಗಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದಿದ್ದರು. ಹಾಗಾಗಿ ಅಮೆರಿಕದ ಸಭೆಯೂ ನಮ್ಮದರ ಹಾಗೇ ನಡೆದಿರಬೇಕು ಎಂದು ನಮ್ಮ ಹುಡುಗರು ಅಂದುಕೊಂಡುಬಿಡುತ್ತಾರೆ.

ಅದು ಹಾಗೆ ನಡೆಯಲಿಲ್ಲ. ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಬಾಗಿಲು ಹಾಕಿಕೊಂಡು ಕೂತರು. ಒಳಗಿನ ಮಾತು ಹೊರಗೆ ಹೋಗಬಾರದು ಎಂಬುದು ಅವರೇ ಮಾಡಿಕೊಂಡ ನಿಯಮ. ಕಾರ್ಯದರ್ಶಿ ವಿಲಿಯಂ ಜಾಕ್ಸನ್ ಬರೆದಿಟ್ಟದ್ದು ನಿರ್ಣಯ ಮತ್ತು ಮತಗಳ ಲೆಕ್ಕವನ್ನು. ಕೊನೆಗೆ ಬಿಡಿ ಕಾಗದಗಳನ್ನೆಲ್ಲ ಸುಟ್ಟು, ದಾಖಲೆ ಪುಸ್ತಕವನ್ನು ಸಭೆಯ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕೈಗೆ ಒಪ್ಪಿಸಿದ. ಅದು ಅಚ್ಚಾಗಿದ್ದು 1819ರಲ್ಲಿ.

ಮಾತುಗಳು ಉಳಿದಿರುವುದು ಕೆಲವು ಸದಸ್ಯರು ತಮಗಾಗಿ ಗೀಚಿಕೊಂಡ ಟಿಪ್ಪಣಿಗಳಲ್ಲಿ ಮಾತ್ರ. ಅವುಗಳಲ್ಲಿ ಮ್ಯಾಡಿಸನ್‌ನದು ಎಲ್ಲಕ್ಕಿಂತ ದೊಡ್ಡದು. ಅಧ್ಯಕ್ಷರ ಎದುರಿಗೇ ಕೂತು, ತನಗೆ ಮಾತ್ರ ಅರ್ಥವಾಗುವ ಗುರುತುಗಳಲ್ಲಿ ಬರೆದುಕೊಂಡು, ಆಮೇಲೆ ಬಿಡಿಸಿ ಬರೆಯುತ್ತಿದ್ದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಅವನ ಶ್ರಮದ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ಆ ಟಿಪ್ಪಣಿ ಅಚ್ಚಾಗಿದ್ದು 1840ರಲ್ಲಿ, ಅವನು ಸತ್ತು ನಾಲ್ಕು ವರ್ಷವಾದ ಮೇಲೆ. ನಡುವಿನ ಅರ್ಧ ಶತಮಾನ ಅದು ಅವನ ಹತ್ತಿರವೇ ಇತ್ತು. ಅಷ್ಟೂ ಕಾಲ ತಿದ್ದುತ್ತಾ ಬಂದ. ಅಧಿಕೃತ ದಾಖಲೆ ನೋಡಿ ತಿದ್ದಿದ. ರಾಬರ್ಟ್ ಯೇಟ್ಸ್ ಎಂಬ ಸದಸ್ಯನ ಟಿಪ್ಪಣಿ 1821ರಲ್ಲಿ ಅಚ್ಚಾಯಿತು, ಅದನ್ನು ನೋಡಿಯೂ ತಿದ್ದಿದ. ಆಗಸ್ಟ್ 21ರಿಂದ ಮುಂದಿನ ಭಾಗವನ್ನು ಸಭೆ ಮುಗಿದು ಎಷ್ಟೋ ದಿನದ ಮೇಲೆ ಬರೆದಿರಬೇಕು ಎಂದು ಇತಿಹಾಸಕಾರ್ತಿ ಮೇರಿ ಬಿಲ್ಡರ್ ಹಸ್ತಪ್ರತಿಯ ಹಾಳೆಗಳನ್ನೇ ಪರೀಕ್ಷಿಸಿ ವಾದಿಸಿದ್ದಾರೆ. ನನಗೂ ಅದು ಸರಿ ಎನಿಸುತ್ತದೆ, ಎಲ್ಲ ವಿವರಗಳಲ್ಲಿ ಅಲ್ಲದಿದ್ದರೂ.

ಅವನು ಸುಳ್ಳು ಬರೆದ ಎಂದು ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ಕೆಲವು ವಿದ್ಯಾರ್ಥಿಗಳು ಇಷ್ಟು ಕೇಳಿದ ತಕ್ಷಣ "ಹಾಗಾದರೆ ಏನೂ ನಂಬೋ ಹಾಗಿಲ್ಲ" ಅನ್ನುತ್ತಾರೆ. ಅದೂ ಸೋಮಾರಿತನವೇ. ಟಿಪ್ಪಣಿ ಬೇಕೇ ಬೇಕು. ಆದರೆ ಅದನ್ನು ಪಕ್ಕದವನ ಟಿಪ್ಪಣಿಯ ಜೊತೆ ಇಟ್ಟು ಓದಬೇಕು.

ಜೂನ್ 6ನ್ನೇ ತೆಗೆದುಕೊಳ್ಳಿ. ದೇಶ ದೊಡ್ಡದಾದಷ್ಟೂ ಒಂದೇ ಗುಂಪು ಉಳಿದವರನ್ನು ತುಳಿಯುವುದು ಕಷ್ಟ ಎಂದು ಮ್ಯಾಡಿಸನ್ ಅವತ್ತು ವಾದಿಸಿದ. ಈ ಭಾಷಣವನ್ನು ಬರೆದುಕೊಂಡವನು ಯಾರು? ಮ್ಯಾಡಿಸನ್ನೇ! ನಿಂತು ಮಾತಾಡುವವನು ತನ್ನ ಮಾತನ್ನು ತಾನೇ ಬರೆದುಕೊಳ್ಳಲು ಆಗುತ್ತದಾ? ಆಮೇಲೆ ಕೂತು ಬರೆದಿದ್ದಾನೆ. ಅವನ ಬರಹದಲ್ಲಿ ಗ್ರೀಸ್ ಇದೆ, ರೋಮ್ ಇದೆ, ಸಾಲ ಕೊಟ್ಟವರು ತೆಗೆದುಕೊಂಡವರು ಇದ್ದಾರೆ, ಬರೀ ಮೈಬಣ್ಣದ ನೆಪದಲ್ಲಿ ನಡೆಯುವ ದಬ್ಬಾಳಿಕೆಯ ಮಾತೂ ಇದೆ. ಅದೇ ಕೋಣೆಯಲ್ಲಿದ್ದ ಇನ್ನೊಬ್ಬ ಸದಸ್ಯ ಹ್ಯಾಮಿಲ್ಟನ್‌ನ ಚೀಟಿಯಲ್ಲಿ ಇರುವುದು ಎರಡೇ ತತ್ವ: ಒಂದು, ದೇಶ ವಿಸ್ತಾರವಾಗಿರಬೇಕು, ಎರಡು, ಒಳ್ಳೆಯ ಪ್ರತಿನಿಧಿಗಳನ್ನು ಸೋಸಿ ತೆಗೆಯುವಂಥ ಚುನಾವಣೆ ಇರಬೇಕು. ಈ ಎರಡನೆಯದು ಮ್ಯಾಡಿಸನ್‌ನ ಬರಹದಲ್ಲಿ ಅಷ್ಟು ಎದ್ದು ಕಾಣುವುದಿಲ್ಲ. ಮೊದಲನೆಯದಕ್ಕೆ ಇಬ್ಬರ ಸಾಕ್ಷಿ ಇದೆ, ಧೈರ್ಯವಾಗಿ ಬಳಸಬಹುದು. ಉಳಿದದ್ದನ್ನು ಬರೆಯುವಾಗ "ಮ್ಯಾಡಿಸನ್ ಬರೆದುಕೊಂಡ ಪ್ರಕಾರ" ಎಂಬ ಮೂರು ಪದ ಸೇರಿಸಿ. ನಾನು ಕೇಳುವುದು ಇಷ್ಟೇ.

ಹೋದ ವರ್ಷ ಹಾವೇರಿ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಸೇರಿದ. ಬುದ್ಧಿವಂತ, ಆದರೆ ಹಟಮಾರಿ. "ಇಡೀ ಚರ್ಚೆ ಇಲ್ಲೇ ಇದೆಯಲ್ಲ ಸರ್" ಎಂದು ವಾದಕ್ಕೆ ನಿಂತ. ಮ್ಯಾಡಿಸನ್ ಟಿಪ್ಪಣಿಯ ಜೂನ್ 18ರ ಪುಟ ತೆಗೆದು, ಗಟ್ಟಿಯಾಗಿ ಓದು ಅಂದೆ. ಅವತ್ತು ಹ್ಯಾಮಿಲ್ಟನ್ ಐದಾರು ಗಂಟೆ ಮಾತಾಡಿದ ಎನ್ನುತ್ತಾರೆ. ಹುಡುಗ ಗಡಿಯಾರ ಮೇಜಿನ ಮೇಲಿಟ್ಟು ಓದಿದ. ನಿಧಾನವಾಗಿಯೇ ಓದಿದ, ನಡುವೆ ನೀರು ಕುಡಿದ. ಅರ್ಧ ಗಂಟೆಯೊಳಗೆ ಭಾಷಣ ಮುಗಿದುಹೋಯಿತು. ಪುಟ ತಿರುಗಿಸಿ ಇನ್ನೂ ಇದೆಯಾ ಎಂದು ನೋಡಿದ. "ಉಳಿದ ಮಾತೆಲ್ಲ ಎಲ್ಲಿ ಹೋಯ್ತು ಸರ್?" ಅಂದ. ಆ ಪ್ರಶ್ನೆ ಅವನ ಬಾಯಿಂದಲೇ ಬರಲಿ ಎಂದು ನಾನು ಆರು ತಿಂಗಳು ಕಾದಿದ್ದೆ.

ಇನ್ನೊಂದು ಮಾತು, ವಕೀಲರಿಗಾಗಿ. ಸಭೆಯ ಮನಸ್ಸಿನಲ್ಲಿ ಏನಿತ್ತು ಎಂಬುದರಿಂದ ಸಂವಿಧಾನದ ಅರ್ಥ ತೀರ್ಮಾನವಾಗುತ್ತದೆ ಎಂದು ನೀವು ವಾದಿಸುವುದಾದರೆ, ಮ್ಯಾಡಿಸನ್ನೇ ನಿಮ್ಮ ಎದುರು ಪಕ್ಷದಲ್ಲಿ ನಿಲ್ಲುತ್ತಾನೆ. 1796ರ ಏಪ್ರಿಲ್‌ನಲ್ಲಿ, ಬ್ರಿಟನ್ ಜೊತೆಗಿನ ಜೇ ಒಪ್ಪಂದದ ಗಲಾಟೆ ನಡೆದಾಗ, ಅವನು ಸಂಸತ್ತಿನ ಕೆಳಮನೆಯಲ್ಲೇ ಇದನ್ನು ಹೇಳಿದ: ಪಠ್ಯದ ಆಚೆ ಅರ್ಥ ಹುಡುಕಲೇಬೇಕಾದರೆ ಫಿಲಡೆಲ್ಫಿಯಾಕ್ಕೆ ಹೋಗಬೇಡಿ, ಅದನ್ನು ಒಪ್ಪಿದ ರಾಜ್ಯಗಳ ಸಭೆಗಳಲ್ಲಿ ಹುಡುಕಿ. ಆ ಸಭೆಗಳಲ್ಲಿ ಕೆಲಸ ಬೇಕಾದಷ್ಟಿದೆ. ವರ್ಜೀನಿಯಾದಲ್ಲಿ 89ಕ್ಕೆ 79, ನ್ಯೂಯಾರ್ಕ್‌ನಲ್ಲಿ 30ಕ್ಕೆ 27. ಅಷ್ಟು ಕಡಿಮೆ ಅಂತರದಲ್ಲಿ ಗೆದ್ದದ್ದು. ಸೋತವರ ವಾದವನ್ನೂ ಓದಬೇಕಲ್ವಾ? ಅಲ್ಲಿನ ವರದಿಗಳಿಗೂ ಇದೇ ಎಚ್ಚರ ಬೇಕು. ಪೆನ್ಸಿಲ್ವೇನಿಯಾ ಸಭೆಯ ಭಾಷಣಗಳನ್ನು ಅಚ್ಚು ಹಾಕಿಸಿದ ಥಾಮಸ್ ಲಾಯ್ಡ್ ವಿರೋಧಿಗಳ ಭಾಷಣಗಳನ್ನೇ ಬಿಟ್ಟುಬಿಟ್ಟ.

ಮೊನ್ನೆ ಆ ಹುಡುಗನ ಎರಡನೇ ಅಧ್ಯಾಯ ಬಂತು. ಜೂನ್ 6ರ ಭಾಷಣಕ್ಕೆ ಅರ್ಧ ಪುಟದ ಅಡಿಟಿಪ್ಪಣಿ ಹಾಕಿದ್ದಾನೆ. ಹ್ಯಾಮಿಲ್ಟನ್, ಯೇಟ್ಸ್, ಇನ್ನೊಬ್ಬ ಸದಸ್ಯ ರೂಫಸ್ ಕಿಂಗ್, ಈ ಮೂವರ ಟಿಪ್ಪಣಿಯನ್ನೂ ಸಾಲುಸಾಲಾಗಿ ಹೋಲಿಸಿದ್ದಾನೆ. ಕೊನೆಯಲ್ಲಿ ಪೆನ್ಸಿಲ್‌ನಲ್ಲಿ, "ಸರ್, ಜೂನ್ 18ಕ್ಕೂ ಹೀಗೇ ಮಾಡಬೇಕು, ಎರಡು ವಾರ ಜಾಸ್ತಿ ಬೇಕು" ಎಂದು ಬರೆದಿದ್ದ. ನಾನು ಒಂದು ತಿಂಗಳು ಕೊಟ್ಟೆ.