ಬಕೆಟ್ ಹ್ಯಾಂಡಲ್ ಮುರಿತ: ದವಡೆ ಮುರಿದರೆ ಉಸಿರೇಕೆ ಕಟ್ಟುತ್ತದೆ?

ಕುದುರೆಲಾಳದ ಆಕಾರದ ಕೆಳದವಡೆಯು ಎಡಕ್ಕೂ ಬಲಕ್ಕೂ ಮುರಿದು, ಗದ್ದವಿರುವ ಮುಂಭಾಗವು ಬಕೆಟ್ಟಿನ ಹಿಡಿಯಂತೆ ಕೆಳಕ್ಕೂ ಹಿಂದಕ್ಕೂ ಜೋತುಬೀಳುವುದನ್ನು ವೈದ್ಯರು ಬಕೆಟ್ ಹ್ಯಾಂಡಲ್ ಮುರಿತ ಎನ್ನುತ್ತಾರೆ. ಹಲ್ಲುಗಳೆಲ್ಲ ಉದುರಿ ದವಡೆ ಸವೆದಿರುವ ವೃದ್ಧರಲ್ಲಿ ಕಾಣುವ ಮುರಿತಕ್ಕೇ ಈ ಹೆಸರು ಹೆಚ್ಚಾಗಿ ಸಲ್ಲುತ್ತದೆ. ಆದರೆ ಬೈಕಿನಿಂದ ಬಿದ್ದು ಗದ್ದದ ಇಕ್ಕೆಲಗಳಲ್ಲಿ ಮೂಳೆ ಮುರಿದುಕೊಂಡ ಯುವಕರಿಗೂ ಇದೇ ಅಪಾಯ ಎದುರಾಗಬಹುದು.

ಅಪಾಯದ ಮೂಲ ನಾಲಿಗೆಯಲ್ಲಿದೆ. ನಾಲಿಗೆಯನ್ನು ಮುಂದಕ್ಕೆ ಹಿಡಿದಿಡುವ ಜೀನಿಯೋಗ್ಲಾಸಸ್ ಎಂಬ ಸ್ನಾಯುವು ಗದ್ದದ ಮೂಳೆಯ ಒಳಮೈಗೆ, ನಟ್ಟನಡುವೆ, ಅಂಟಿಕೊಂಡಿರುತ್ತದೆ. ಆ ತುಂಡೇ ಸಡಿಲವಾದಾಗ ಕತ್ತಿನ ಕಡೆಗೆ ಹೋಗುವ ಸ್ನಾಯುಗಳು ಅದನ್ನು ಹಿಂದಕ್ಕೆಳೆಯುತ್ತವೆ, ಆಧಾರ ತಪ್ಪಿದ ನಾಲಿಗೆಯೂ ಅದರೊಂದಿಗೆ ಸರಿಯುತ್ತದೆ. ಗಾಯಾಳುವನ್ನು ಅಂಗಾತ ಮಲಗಿಸಿದರಂತೂ ನಾಲಿಗೆ ಗಂಟಲಿನ ಹಿಂಗೋಡೆಗೆ ಒರಗಿ ಉಸಿರಿನ ದಾರಿಯನ್ನೇ ಮುಚ್ಚಬಹುದು. ರಕ್ತ, ಮುರಿದ ಹಲ್ಲು, ಕಳಚಿದ ಹಲ್ಲಿನ ಸೆಟ್ಟು, ಹೊತ್ತು ಕಳೆದಂತೆ ಏರುವ ಊತ ಇವೂ ಸೇರಿಕೊಳ್ಳುತ್ತವೆ.

ಆದ್ದರಿಂದ ಎಚ್ಚರವಿರುವ ಗಾಯಾಳು ಎದ್ದು ಕುಳಿತು ಮುಂದಕ್ಕೆ ಬಾಗಲು ಹವಣಿಸಿದರೆ ಅವರನ್ನು ಬಲವಂತವಾಗಿ ಮಲಗಿಸಬಾರದು. ನೋಡುವವರಿಗೆ ಗಾಬರಿಯಂತೆ ಕಾಣುವ ಆ ಭಂಗಿಯೇ ನಾಲಿಗೆಯನ್ನು ಮುಂದಕ್ಕೆ ಬಾಗಿಸಿ ಅವರ ಜೀವವನ್ನು ಕಾಯುತ್ತಿರಬಹುದು. ಉಸಿರು ಸಾಲದೆ ಚಡಪಡಿಸುತ್ತಿರುವವರಿಗೆ ನಿದ್ದೆಯ ಮದ್ದು ಕೊಟ್ಟು ಸುಮ್ಮನಾಗಿಸುವುದು ಅದಕ್ಕಿಂತ ದೊಡ್ಡ ತಪ್ಪು. ಗದ್ದದಿಂದ ನೆತ್ತಿಗೆ ಬಟ್ಟೆ ಬಿಗಿದು ಕಟ್ಟುವುದೂ ಇಲ್ಲಿ ಕೇಡೇ, ಏಕೆಂದರೆ ಅದು ಸಡಿಲ ತುಂಡನ್ನು ಇನ್ನಷ್ಟು ಹಿಂದಕ್ಕೆ ಒತ್ತಬಲ್ಲದು. ಪ್ರಜ್ಞೆ ತಪ್ಪಿದವರನ್ನು, ಕತ್ತಿನ ಮೂಳೆಗೂ ಪೆಟ್ಟಾಗಿರಬಹುದೆಂಬ ಎಚ್ಚರದಿಂದ, ತಲೆ, ಕತ್ತು, ಬೆನ್ನು ಒಂದೇ ಸಾಲಿನಲ್ಲಿರುವಂತೆ ಪಕ್ಕಕ್ಕೆ ಹೊರಳಿಸಿ, 108ಕ್ಕೆ ಕರೆಮಾಡಬೇಕು.

ಆಸ್ಪತ್ರೆಯಲ್ಲಿ ಮೊದಲು ಸಕ್ಷನ್ ಕೊಳವೆಯಿಂದ ಬಾಯಿಯನ್ನು ಶುಚಿಗೊಳಿಸುತ್ತಾರೆ. ದವಡೆಯ ಹಿಂಬದಿಯ ಮೂಲೆಗಳನ್ನು ಹಿಡಿದು ಮುಂದಕ್ಕೆತ್ತುವ ಎಂದಿನ ಉಪಾಯ ಇಲ್ಲಿ ಕೈಕೊಡಬಹುದು. ಹಿಂಭಾಗ ಎದ್ದು ಬಂದರೂ ಮುರಿದ ಮುಂಭಾಗ ಅದರ ಜೊತೆಗೆ ಬರುವುದಿಲ್ಲ. ಹಾಗಾಗಿ ಆ ತುಂಡನ್ನೇ ಬೆರಳುಗಳಿಂದ ಹಿಡಿದು ಮುಂದಕ್ಕೆಳೆಯುತ್ತಾರೆ, ಇಲ್ಲವೇ ನಾಲಿಗೆಯ ಮೂಲಕ ದಪ್ಪ ಹೊಲಿಗೆ ಹಾಯಿಸಿ ಅದನ್ನು ಹೊರಕ್ಕೆ ಎಳೆದು ಹಿಡಿಯುತ್ತಾರೆ. ಆ ಬಳಿಕ ಅನುಭವಿ ಅರಿವಳಿಕೆ ತಜ್ಞರು ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ. ಅದು ಸಾಧ್ಯವಾಗದೆ, ಬೇರೆ ಬಗೆಯಲ್ಲೂ ಉಸಿರು ಕೊಡಲಾಗದಿದ್ದರೆ, ಗಂಟಲಮಣಿಯ ಕೆಳಗಿನ ಪೊರೆಯನ್ನು ಸೀಳಿ ನೇರವಾಗಿ ಉಸಿರಿಗೆ ದಾರಿ ಮಾಡುತ್ತಾರೆ. ಪ್ಲೇಟು, ಸ್ಕ್ರೂಗಳಿಂದ ಮೂಳೆ ಜೋಡಿಸುವ ಶಸ್ತ್ರಚಿಕಿತ್ಸೆ ಉಸಿರು ಭದ್ರವಾದ ಮೇಲಿನ ಕೆಲಸ.